ನಿಮ್ಮ ವೈರ್‌ಲೆಸ್ ಐಡಿಯಾ ‘ಆಬ್ವಿಯಸ್’ ಹೌದೋ ಅಲ್ಲವೋ: ಮಾರ್ಕೋನಿ ಪೇಟೆಂಟ್ ಎದುರಿಗಿಟ್ಟುಕೊಂಡು ನೋಡೋಣ

ಪೇಟೆಂಟ್ ಅರ್ಜಿ ಹಾಕಿದವರಿಗೆ ಒಂದು ದಿನ ಪೇಟೆಂಟ್ ಕಚೇರಿಯಿಂದ ಪರೀಕ್ಷೆಯ ವರದಿ ಬರುತ್ತದೆ. ನಾವೆಲ್ಲ ಅದನ್ನು ಎಫ್‌ಇಆರ್ ಅಂತೀವಿ. ವೈರ್‌ಲೆಸ್ ಅರ್ಜಿಯಾದರೆ ಅದರಲ್ಲಿ ಬಹಳ ಸಲ ಕಾಣುವ ಮಾತು ಒಂದೇ. ಡಿ1 ಅನ್ನುವ ಹಳೆಯ ಪೇಟೆಂಟನ್ನೂ ಡಿ2 ಅನ್ನುವ ಹಳೆಯ ಪೇಪರನ್ನೂ ಜೊತೆಗಿಟ್ಟು ಓದಿದರೆ, ಈ ಕೆಲಸ ಬಲ್ಲ ಯಾರಿಗಾದರೂ ನಿಮ್ಮ ಐಡಿಯಾ ಹೊಳೆಯುತ್ತಿತ್ತು, ಹಾಗಾಗಿ ಇದರಲ್ಲಿ ಇನ್ವೆಂಟಿವ್ ಸ್ಟೆಪ್, ಅಂದರೆ ತಾನಾಗಿ ಹೊಳೆಯದಂಥ ಆವಿಷ್ಕಾರದ ಹೆಜ್ಜೆ, ಇಲ್ಲ.

ಎರಡು ವರ್ಷ ಲ್ಯಾಬಿನಲ್ಲಿ ಬೆವರು ಹರಿಸಿದವರಿಗೆ ಇದನ್ನು ಓದಿದಾಗ ಕರುಳು ಚುರ್ ಅನ್ನುತ್ತದೆ. ‘ನನಗಿಂತ ಮೊದಲು ಯಾರೂ ಇದನ್ನು ಮಾಡಿಲ್ಲ ಸಾರ್’ ಅಂತಾರೆ. ನಿಜವೇ ಇರಬಹುದು. ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಮೊದಲು ಯಾರಾದರೂ ಮಾಡಿದ್ದಾರಾ ಅನ್ನುವುದು ಹೊಸತನದ ಪ್ರಶ್ನೆ. ಯಾರೂ ಮಾಡಿರದಿದ್ದರೂ ಮಾಡುವುದು ಸುಲಭವಾಗಿ ಹೊಳೆಯುತ್ತಿತ್ತಾ ಅನ್ನುವುದು ಆಬ್ವಿಯಸ್ ಪ್ರಶ್ನೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಕಲಂ 2(1)(ಜೆಎ) ಹೇಳುವುದು ಹೀಗೆ: ಈಗಾಗಲೇ ಇರುವ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದೆ ಹೋಗಿರಬೇಕು, ಅಥವಾ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ ಇರಬೇಕು. ಅದರ ಜೊತೆಗೆ, ಆ ಕೆಲಸದಲ್ಲಿ ಪಳಗಿದವರಿಗೆ ಅದು ತಾನಾಗಿ ಹೊಳೆಯುವಂತಿರಬಾರದು. ಅಮೆರಿಕದಲ್ಲಿ ಕಲಂ 103, ಯುರೋಪಿನಲ್ಲಿ ವಿಧಿ 56. ಪದಗಳು ಬೇರೆ, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ.

ವೈರ್‌ಲೆಸ್ ಎಂಜಿನಿಯರ್‌ಗಳ ಜೊತೆ ಕೂತು ಅರ್ಜಿ ಬರೆಯುವುದು ನನ್ನ ಕೆಲಸ. ಹೊಸಬರಿಗೆ ಇದನ್ನು ಹೇಳಿಕೊಡುವಾಗ ನಾನು ಯಾವಾಗಲೂ ಮಾರ್ಕೋನಿ ಕೇಸನ್ನೇ ತೆಗೆದುಕೊಳ್ಳುತ್ತೇನೆ. ಈಗಿನ 5ಜಿ ಪೇಟೆಂಟ್ ಎತ್ತಿಕೊಂಡರೆ ಅರ್ಧ ದಿನ ಸಂಕ್ಷೇಪಾಕ್ಷರ ಬಿಡಿಸುವುದರಲ್ಲೇ ಹೋಗುತ್ತದೆ. ಮಾರ್ಕೋನಿಯದು ನಾಲ್ಕೇ ಸರ್ಕ್ಯೂಟು, ಒಂದು ಹಾಳೆಯಲ್ಲಿ ಮುಗಿಯುತ್ತದೆ.

ಮೊದಲು ಆ ನಾಲ್ಕು ಸರ್ಕ್ಯೂಟ್ ನೋಡಿ

1900ರ ಸುಮಾರಿಗೆ ವೈರ್‌ಲೆಸ್‌ನವರಿಗೆ ಎರಡು ತಲೆನೋವು ಇದ್ದವು. ಹತ್ತಿರದಲ್ಲಿ ಎರಡು ಸ್ಟೇಷನ್ ಇದ್ದರೆ ಒಂದರ ಸಂದೇಶದ ಮೇಲೆ ಇನ್ನೊಂದರದು ಬಂದು ಬೀಳುತ್ತಿತ್ತು. ದೂರವೂ ಸಾಲುತ್ತಿರಲಿಲ್ಲ. ಆಂಟೆನಾಗೆ ನೇರವಾಗಿ ಕಿಡಿ ಕೊಟ್ಟರೆ ಅದು ಶಕ್ತಿಯನ್ನು ಚೆನ್ನಾಗಿ ಹೊರಗೆ ಬಿಡುತ್ತದೆ, ಆದರೆ ಒಂದೆರಡು ತೂಗಿಗೇ ಖಾಲಿಯಾಗುತ್ತದೆ. ಅದೇ ಕೆಪಾಸಿಟರು, ಕಾಯಿಲು ಸೇರಿಸಿ ಮುಚ್ಚಿದ ಸರ್ಕ್ಯೂಟ್ ಮಾಡಿದರೆ ದೇವಸ್ಥಾನದ ಗಂಟೆಯ ಹಾಗೆ ತುಂಬಾ ಹೊತ್ತು ಅನುರಣಿಸುತ್ತದೆ, ಆದರೆ ಹೊರಗೆ ಏನೂ ಹೋಗುವುದಿಲ್ಲ. ಮಾರ್ಕೋನಿ ಎರಡನ್ನೂ ಒಂದು ಟ್ರಾನ್ಸ್‌ಫಾರ್ಮರಿನಿಂದ ಜೋಡಿಸಿದರು. ಕಳಿಸುವ ಕಡೆ ಹೀಗೆ ಎರಡು ಸರ್ಕ್ಯೂಟು, ಪಡೆಯುವ ಕಡೆ ಎರಡು. ನಾಲ್ಕನ್ನೂ ಒಂದೇ ತರಂಗಕ್ಕೆ ಟ್ಯೂನ್ ಮಾಡಿದರು. ಆಂಟೆನಾ ಕಡೆ ಕಾಯಿಲನ್ನು ಹೆಚ್ಚು ಕಡಿಮೆ ಮಾಡಿ ಟ್ಯೂನಿಂಗ್ ಬದಲಿಸುವ ಅನುಕೂಲ ಇಟ್ಟರು. ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ತಳ್ಳುವಿಕೆಗೂ ಎತ್ತರ ಹೋಗುತ್ತದೆ ಅಲ್ವಾ, ಹಾಗೆ.

ಬ್ರಿಟನ್‌ನಲ್ಲಿ ಇದಕ್ಕೆ 1900ರ 7777ನೇ ನಂಬರಿನ ಪೇಟೆಂಟ್ ಸಿಕ್ಕಿತು. ಅಮೆರಿಕದಲ್ಲಿ 1900ರ ನವೆಂಬರ್ 10ರಂದು ಅರ್ಜಿ ಹಾಕಿದರು. ಅಲ್ಲಿ ಅದು ಹಲವು ಸಲ ತಿರಸ್ಕಾರವಾಗಿ ಕೊನೆಗೆ 1904ರ ಜೂನ್ 28ರಂದು 7,63,772ನೇ ಪೇಟೆಂಟ್ ಆಗಿ ಹೊರಬಂತು. ಮಾರ್ಕೋನಿ ಕಂಪನಿ 1916ರಲ್ಲಿ ಅಮೆರಿಕ ಸರ್ಕಾರದ ಮೇಲೆಯೇ ದಾವೆ ಹೂಡಿತು. ತೀರ್ಪು ಬಂದದ್ದು 1943ರ ಜೂನ್ 21ಕ್ಕೆ. ಅಷ್ಟರಲ್ಲಿ ಮಾರ್ಕೋನಿ ತೀರಿಕೊಂಡು ಆರು ವರ್ಷವಾಗಿತ್ತು. ಆ ಪೇಟೆಂಟಿನ ಮುಖ್ಯ ಕ್ಲೇಮುಗಳು, ಅಂದರೆ ಇಷ್ಟು ನನ್ನದು ಅಂತ ಹಕ್ಕು ಕೇಳುವ ಸಾಲುಗಳು, ನಿಲ್ಲುವುದಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಕಲಂ 103 ಹುಟ್ಟಿದ್ದು 1952ರಲ್ಲಿ, ಹಾಗಾಗಿ ತೀರ್ಪಿನಲ್ಲಿ ಇವತ್ತಿನ ಸೂತ್ರಗಳು ಇಲ್ಲ. ಆದರೂ ಕೋರ್ಟು ಮಾಡಿದ ಕೆಲಸ ಅದೇ. ಹಳೆಯ ಕಾಗದಗಳನ್ನು ಪಕ್ಕದಲ್ಲಿಟ್ಟು, ಉಳಿದ ವ್ಯತ್ಯಾಸಕ್ಕೆ ಏನು ತೂಕ ಇದೆ ಅಂತ ನೋಡಿತು.

ಕ್ಲೇಮ್ ಓದಿ, ಪ್ರಾಡಕ್ಟ್ ಮರೆತುಬಿಡಿ

ಮೊದಲ ತಪ್ಪು ಆಗುವುದು ಇಲ್ಲೇ. ಎಂಜಿನಿಯರಿನ ತಲೆಯಲ್ಲಿ ಬೋರ್ಡ್ ಇರುತ್ತದೆ, ಅದರ ಮೇಲಿನ ಚಿಪ್ ಇರುತ್ತದೆ, ರಾತ್ರಿ ಮೂರು ಗಂಟೆಗೆ ಕೊನೆಗೂ ಓಡಿದ ಫರ್ಮ್‌ವೇರ್ ಇರುತ್ತದೆ. ಕಾನೂನು ಅದ್ಯಾವುದನ್ನೂ ನೋಡುವುದಿಲ್ಲ. ಕ್ಲೇಮಿನಲ್ಲಿ ಬರೆದ ಮಾತುಗಳನ್ನಷ್ಟೇ ನೋಡುತ್ತದೆ. ನಿಮ್ಮ ಸಾಧನದಲ್ಲಿ ಅದ್ಭುತವಾದ ಸಂಗತಿ ಒಂದಿದ್ದು ಕ್ಲೇಮಿನಲ್ಲಿ ಅದು ಇಲ್ಲದಿದ್ದರೆ, ಈ ಲೆಕ್ಕಕ್ಕೆ ಅದು ಇಲ್ಲವೇ ಇಲ್ಲ.

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಕ್ಲೇಮನ್ನು ತುಂಡು ತುಂಡಾಗಿ ಬರೆಯಿರಿ, ಒಂದು ಸಾಲಿಗೆ ಒಂದು ತುಂಡು. ಮಾರ್ಕೋನಿಯದಾದರೆ: ಕಳಿಸುವ ಕಡೆ ಮುಚ್ಚಿದ ಸರ್ಕ್ಯೂಟು, ಅದಕ್ಕೆ ಟ್ರಾನ್ಸ್‌ಫಾರ್ಮರಿನಿಂದ ಸೇರಿದ ಆಂಟೆನಾ, ಪಡೆಯುವ ಕಡೆ ಅಂಥದ್ದೇ ಜೋಡಿ, ನಾಲ್ಕಕ್ಕೂ ಒಂದೇ ಟ್ಯೂನಿಂಗ್, ಆಂಟೆನಾದಲ್ಲಿ ಬದಲಿಸಬಹುದಾದ ಕಾಯಿಲು. ಬಲಗಡೆ ಜಾಗ ಖಾಲಿ ಬಿಡಿ. ಅಲ್ಲಿ ಹಳೆಯ ಕಾಗದಗಳು ಬಂದು ಕೂರುತ್ತವೆ.

ಒಂದು ಅರ್ಜಿಯಲ್ಲಿ ಇಪ್ಪತ್ತು ಕ್ಲೇಮ್ ಇದ್ದರೆ ಹೀಗೆ ಇಪ್ಪತ್ತು ಸಲ ನೋಡಬೇಕು. ಒಂದು ಬಿದ್ದರೆ ಎಲ್ಲ ಬೀಳಬೇಕೆಂದಿಲ್ಲ. ಹಲವು ಪೇಟೆಂಟಿನ ಜಗಳದಲ್ಲೂ ಹೀಗೆಯೇ. ಎರಿಕ್ಸನ್ ಮತ್ತು ಲಾವಾ ನಡುವಿನ ಮೊಬೈಲ್ ಪೇಟೆಂಟ್ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ಸುಮಾರು 244 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶ ಕೊಟ್ಟಿತು. ಅದೇ ತೀರ್ಪಿನಲ್ಲಿ ಎಂಟು ಪೇಟೆಂಟುಗಳಲ್ಲಿ ಒಂದು ಬಿದ್ದುಹೋಯಿತು, ಏಳು ನಿಂತವು.

ತಾರೀಖು ಗಟ್ಟಿ ಮಾಡಿಕೊಳ್ಳಿ

ಹೊಳೆಯುತ್ತಿತ್ತಾ ಅಂದರೆ ಯಾವತ್ತು? ಇವತ್ತಲ್ಲ. ಪ್ರಯಾರಿಟಿ ಡೇಟ್ ದಿನ, ಅಂದರೆ ಸಾಮಾನ್ಯವಾಗಿ ಆ ವಿಷಯಕ್ಕೆ ಮೊದಲ ಅರ್ಜಿ ಬಿದ್ದ ದಿನ. ಅದಕ್ಕಿಂತ ಮೊದಲು ಜಗತ್ತಿನ ಯಾವುದೇ ಮೂಲೆಯಲ್ಲಿ, ಯಾವುದೇ ಭಾಷೆಯಲ್ಲಿ ಜನರ ಕೈಗೆ ಸಿಗುವಂತೆ ಪ್ರಕಟವಾದದ್ದು ಪ್ರಯರ್ ಆರ್ಟ್. ಜಗದೀಶಚಂದ್ರ ಬೋಸರು ಪಾದರಸ ಬಳಸಿ ತಾನೇ ಸರಿಹೋಗುವ ಕೊಹೀರರ್ (ರೇಡಿಯೊ ತರಂಗ ಬಂದದ್ದನ್ನು ಗುರುತಿಸುವ ಸಾಧನ) ಬಗ್ಗೆ 1899ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಗೆ ಪ್ರಬಂಧ ಕೊಟ್ಟರು. ಅದು ಹೊರಬಂದ ಮೇಲೆ ಅಂಥ ಕೊಹೀರರ್ ಮೇಲೆ ಯಾರು ಅರ್ಜಿ ಹಾಕಿದರೂ ಬೋಸರ ಪ್ರಬಂಧ ಎದುರಿಗೆ ಬಂದು ನಿಲ್ಲುತ್ತದೆ. ಅವರು ಪೇಟೆಂಟ್ ತೆಗೆದುಕೊಂಡಿದ್ದರೋ ಇಲ್ಲವೋ ಅನ್ನುವುದು ಇಲ್ಲಿ ಮುಖ್ಯವಲ್ಲ.

ನಿಮ್ಮದೇ ಪ್ರಕಟಣೆಯೂ ನಿಮಗೆ ಮುಳುವಾಗಬಹುದು. ನನ್ನ ಹತ್ತಿರ ಬಂದ ಮೊದಮೊದಲ ಕೇಸುಗಳಲ್ಲಿ ಒಂದು ಇದು. ಇಬ್ಬರು ಹುಡುಗರು ಒಳ್ಳೆಯ ಆಂಟೆನಾ ಮಾಡಿದ್ದರು. ಕಾಲೇಜಿನ ಪ್ರದರ್ಶನದಲ್ಲಿ ಪೋಸ್ಟರ್ ಅಂಟಿಸಿ, ಅದರ ಫೋಟೊ ನೆಟ್ಟಿಗೆ ಹಾಕಿದ್ದರು. ಅರ್ಜಿ ಹಾಕಲು ಬಂದದ್ದು ಐದು ತಿಂಗಳ ಮೇಲೆ. ಪೋಸ್ಟರಿನಲ್ಲಿ ಅಳತೆ ಸಮೇತ ಎಲ್ಲ ಇತ್ತು. ಅಮೆರಿಕದಲ್ಲಾದರೆ ತನ್ನದೇ ಪ್ರಕಟಣೆಗೆ ಒಂದು ವರ್ಷ ಮಾಫಿ ಇದೆ. ನಮ್ಮಲ್ಲಿ ಕಲಂ 31ರ ವಿನಾಯಿತಿ ತುಂಬಾ ಕಿರಿದು: ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ, ಹೀಗೆ ಕೆಲವಕ್ಕೆ ಮಾತ್ರ, ಅದೂ ಹನ್ನೆರಡು ತಿಂಗಳು. ಕಾಲೇಜಿನ ಹಬ್ಬ ಅದರಲ್ಲಿ ಬರುವುದಿಲ್ಲ. ಆ ಹುಡುಗರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಹಳೆಯ ಕಾಗದ ಎಲ್ಲೆಲ್ಲಿ ಹುಡುಕಬೇಕು

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಇಲ್ಲಿ ಉಳಿಸಿದ ಒಂದು ದಿನ ಮುಂದೆ ಮೂರು ವರ್ಷ ತಿನ್ನುತ್ತದೆ.

ಪೇಟೆಂಟ್ ಹುಡುಕಲು ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್, ಪೇಟೆಂಟ್‌ಸ್ಕೋಪ್, ನಮ್ಮ ಕಚೇರಿಯ ಇನ್‌ಪಾಸ್ ಇವೆ, ಎಲ್ಲವೂ ಪುಕ್ಕಟೆ. ಬರೀ ಪದ ಹಾಕಿ ಹುಡುಕಬೇಡಿ. ಒಬ್ಬರು ‘ಸಾಧನ’ ಅಂತ ಬರೆದದ್ದನ್ನು ಇನ್ನೊಬ್ಬರು ‘ಟರ್ಮಿನಲ್’ ಅಂತಾರೆ, ಮತ್ತೊಬ್ಬರು ‘ಯೂಸರ್ ಇಕ್ವಿಪ್‌ಮೆಂಟ್’ ಅಂತಾರೆ. ವರ್ಗದ ನಂಬರ್ ಹಾಕಿ ಹುಡುಕಿ. ಆಂಟೆನಾಗೆ ಎಚ್01ಕ್ಯೂ, ರೇಡಿಯೊ ಪ್ರಸಾರಕ್ಕೆ ಎಚ್04ಬಿ, ವೈರ್‌ಲೆಸ್ ನೆಟ್‌ವರ್ಕಿಗೆ ಎಚ್04ಡಬ್ಲ್ಯೂ.

ಮೊಬೈಲ್ ನೆಟ್‌ವರ್ಕಿನ ವಿಷಯವಾದರೆ ಪೇಟೆಂಟ್ ಸಾಲದು. ಮೊಬೈಲ್ ಸ್ಟ್ಯಾಂಡರ್ಡ್ ರೂಪಿಸುವ ಕೂಟವಾದ 3ಜಿಪಿಪಿಯ ಸಭೆಗಳಿಗೆ ಕಂಪನಿಗಳು ಕೊಡುವ ಪ್ರಸ್ತಾವಗಳೆಲ್ಲ, ಟಿ-ಡಾಕ್ ಅಂತ ಕರೆಯುವವು, ಅವರ ಸರ್ವರಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇವೆ. ಕೊನೆಯ ಸ್ಟ್ಯಾಂಡರ್ಡಿನಲ್ಲಿ ಸೇರದೆ ಬಿದ್ದುಹೋದ ಪ್ರಸ್ತಾವವೂ ಪ್ರಯರ್ ಆರ್ಟೇ. ಎಷ್ಟೋ ‘ಹೊಸ’ ಐಡಿಯಾಗಳು ಅಲ್ಲಿ ಯಾವುದೋ ಸಭೆಯಲ್ಲಿ ಎರಡು ಪುಟದ ಟಿಪ್ಪಣಿಯಾಗಿ ಬಂದು, ಒಪ್ಪಿಗೆ ಸಿಗದೆ ಮಲಗಿರುತ್ತವೆ. ವೈಫೈ ಆದರೆ ಅದರ ಸ್ಟ್ಯಾಂಡರ್ಡ್ ಬರೆಯುವ ಐಇಇಇ 802.11 ಗುಂಪಿನ ಕಡತಗಳನ್ನು ನೋಡಿ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಜಾಗ ಇದೆ. ಅಮೆರಿಕದಲ್ಲಿ ಮಾರುವ ವೈರ್‌ಲೆಸ್ ಸಾಧನಗಳ ಹಿಂಬದಿಯಲ್ಲಿ ಎಫ್‌ಸಿಸಿ ಐಡಿ, ಅಂದರೆ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆಯ ನಂಬರ್, ಇರುತ್ತದೆ. ಆ ನಂಬರ್ ಹಾಕಿದರೆ ಟೆಸ್ಟ್ ವರದಿ ಸಿಗುತ್ತದೆ, ಎಷ್ಟೋ ಸಲ ಸಾಧನವನ್ನು ಬಿಚ್ಚಿ ತೆಗೆದ ಒಳಗಿನ ಫೋಟೊಗಳೂ ಸಿಗುತ್ತವೆ. ಒಂದು ಸಲ ಬ್ಯಾಟರಿ ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆಯೇ ಆಂಟೆನಾ ಮೂಡಿಸುವ ಒಂದು ಅರ್ಜಿ ಬರೆಯುತ್ತಿದ್ದೆ. ಪೇಟೆಂಟುಗಳಲ್ಲಿ ಎಲ್ಲೂ ಸಿಗಲಿಲ್ಲ, ನನಗೆ ಪೂರ್ತಿ ನಂಬಿಕೆ ಬಂದಿತ್ತು. ಸುಮ್ನೆ ಒಂದು ಹಳೆಯ ಟ್ರ್ಯಾಕರಿನ ಎಫ್‌ಸಿಸಿ ಫೋಟೊ ತೆಗೆದೆ. ಹಸಿರು ಬೋರ್ಡಿನ ಪಕ್ಕದಲ್ಲಿ ಸೆಂಟಿಮೀಟರ್ ಸ್ಕೇಲು ಇಟ್ಟಿದ್ದರು, ಬ್ಯಾಟರಿ ಎತ್ತಿ ಪಕ್ಕಕ್ಕಿಟ್ಟಿದ್ದರು, ಬಿಳಿ ಚೌಕಟ್ಟಿನ ಅಂಚಿನಲ್ಲಿ ತಾಮ್ರದ ಪಟ್ಟಿ ಎರಡು ಸಲ ಮಡಚಿಕೊಂಡು ಹೋಗಿತ್ತು. ನಮ್ಮ ಚಿತ್ರ 2 ಇದ್ದ ಹಾಗೆಯೇ. ಆವತ್ತೇ ಕ್ಲೇಮ್ ಬದಲಿಸಿದೆವು. ಎಕ್ಸಾಮಿನರ್ ಹೇಳುವ ಮೊದಲು ನಮಗೇ ಗೊತ್ತಾಯಿತಲ್ಲ, ಅದೇ ದೊಡ್ಡದು. ಇಂಥ ಫೋಟೊ ಸಿಕ್ಕಾಗ ಅದು ಯಾವ ದಿನ ಜನರಿಗೆ ತೆರೆದುಕೊಂಡಿತು ಅಂತಲೂ ಬರೆದಿಟ್ಟುಕೊಳ್ಳಿ. ಕೆಲವನ್ನು ಸ್ವಲ್ಪ ಕಾಲ ಗುಟ್ಟಾಗಿ ಇಟ್ಟಿರುತ್ತಾರೆ.

ಯಾರಿಗೆ ಹೊಳೆಯಬೇಕು?

ಕಾನೂನು ಒಬ್ಬ ಕಲ್ಪನೆಯ ಮನುಷ್ಯನನ್ನು ಕೂರಿಸಿಕೊಳ್ಳುತ್ತದೆ. ಆ ಕೆಲಸದಲ್ಲಿ ಪಳಗಿದವನು, ಆ ಕ್ಷೇತ್ರದಲ್ಲಿ ಪ್ರಕಟವಾದದ್ದನ್ನೆಲ್ಲ ಬಲ್ಲವನು, ಆದರೆ ಪ್ರತಿಭಾವಂತನಲ್ಲ. ನೊಬೆಲ್ ಗೆದ್ದವರೂ ಅಲ್ಲ, ನಿನ್ನೆ ಡಿಗ್ರಿ ಮುಗಿಸಿದವರೂ ಅಲ್ಲ. ನಿಮ್ಮ ವಿಷಯ ಫೋನಿನ ಆಂಟೆನಾ ಆದರೆ ನಾಲ್ಕೈದು ವರ್ಷ ಆರ್‌ಎಫ್ (ರೇಡಿಯೊ ತರಂಗದ) ಕೆಲಸ ಮಾಡಿ, ನೆಟ್‌ವರ್ಕ್ ಅನಲೈಸರ್ ಅನ್ನುವ ಅಳತೆಯ ಉಪಕರಣ ಹಿಡಿದು ಮ್ಯಾಚಿಂಗ್, ಅಂದರೆ ಆಂಟೆನಾಗೂ ಸರ್ಕ್ಯೂಟಿಗೂ ಹೊಂದಾಣಿಕೆ, ಸರಿಮಾಡಿ ಗೊತ್ತಿರುವ ಎಂಜಿನಿಯರನ್ನು ನೆನೆಸಿಕೊಳ್ಳಿ. ಆಂಟೆನಾ ಮತ್ತು ಪ್ರೊಟೊಕಾಲ್ ಎರಡೂ ಸೇರಿದ ವಿಷಯವಾದರೆ ಒಬ್ಬರ ಬದಲು ಒಂದು ತಂಡವನ್ನೇ ನೆನೆಸಿಕೊಳ್ಳಬಹುದು.

ಅವನು ಯಂತ್ರವಲ್ಲ, ಸಾಧಾರಣ ಜಾಣ್ಮೆ ಅವನಿಗೂ ಇದೆ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2007ರ ಕೆಎಸ್‌ಆರ್ ತೀರ್ಪಿನಲ್ಲಿ ಹೇಳಿತು. ಅದು ಕಾರಿನ ಪೆಡಲ್ಲಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಜೋಡಿಸಿದ ಕೇಸು, ಆದರೆ ಆಮೇಲೆ ಬಂದ ವೈರ್‌ಲೆಸ್ ಕೇಸುಗಳಿಗೆಲ್ಲ ಅದರ ಬಿಸಿ ತಟ್ಟಿದೆ. ‘ಸೇರಿಸಿ’ ಅಂತ ಹಳೆಯ ಕಾಗದದಲ್ಲಿ ಅಕ್ಷರ ಅಕ್ಷರವಾಗಿ ಬರೆದಿರಲೇಬೇಕು ಅಂತ ಈಗ ವಾದ ಮಾಡಿದರೆ ನಡೆಯುವುದಿಲ್ಲ. ಭಾರತದಲ್ಲಿ 2015ರ ರೋಶ್-ಸಿಪ್ಲಾ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ಐದು ಮೆಟ್ಟಿಲು ಹಾಕಿಕೊಟ್ಟಿದೆ: ಪಳಗಿದವನು ಯಾರು, ಐಡಿಯಾದ ತಿರುಳು ಏನು, ಆ ದಿನ ಎಲ್ಲರಿಗೂ ಏನು ಗೊತ್ತಿತ್ತು, ವ್ಯತ್ಯಾಸ ಏನು, ಆ ವ್ಯತ್ಯಾಸ ಹೊಳೆಯುತ್ತಿತ್ತಾ. ಔಷಧದ ಕೇಸಾದರೂ ಸರ್ಕ್ಯೂಟಿಗೂ ಚೆನ್ನಾಗಿ ಹೊಂದುತ್ತದೆ. ನಾನು ಎಫ್‌ಇಆರ್ ಉತ್ತರ ಬರೆಯುವುದು ಬಹುಪಾಲು ಇದೇ ಕ್ರಮದಲ್ಲಿ.

ಈಗ ಬಲಗಡೆ ತುಂಬಿಸಿ

ಮಾರ್ಕೋನಿಯ ಹಾಳೆಗೆ ವಾಪಸ್ ಬನ್ನಿ. ಬ್ರಿಟಿಷ್ ವಿಜ್ಞಾನಿ ಆಲಿವರ್ ಲಾಡ್ಜ್ ಅವರ ಅಮೆರಿಕ ಪೇಟೆಂಟ್ 1898ರ ಆಗಸ್ಟಿನದು. ಅದರಲ್ಲಿ ಆಂಟೆನಾಗೆ ಬದಲಿಸಬಹುದಾದ ಕಾಯಿಲು ಹಾಕಿ ಟ್ಯೂನ್ ಮಾಡುವುದು ಇತ್ತು. ಕೊನೆಯ ಸಾಲಿನ ಎದುರು ಒಂದು ಟಿಕ್. ನಿಕೊಲಾ ಟೆಸ್ಲಾ 1897ರಲ್ಲಿ ಅರ್ಜಿ ಹಾಕಿ 1900ರ ಮಾರ್ಚ್ 20ಕ್ಕೆ ಪಡೆದ ಪೇಟೆಂಟಿನಲ್ಲಿ ಎರಡೂ ಕಡೆ ಎರಡೆರಡು ಸರ್ಕ್ಯೂಟು, ನಾಲ್ಕೂ ಒಂದೇ ತರಂಗಕ್ಕೆ. ಅವರ ಗುರಿ ಮುಖ್ಯವಾಗಿ ವಿದ್ಯುತ್ ಶಕ್ತಿ ಕಳಿಸುವುದು, ಆದರೂ ಜೋಡಣೆ ಇತ್ತು. ನಾಲ್ಕನೆಯ ಸಾಲಿಗೂ ಟಿಕ್ ಬಿತ್ತು.

ಮಾರ್ಕೋನಿಗೆ ದೊಡ್ಡ ಪೆಟ್ಟು ಕೊಟ್ಟವರು ಜಾನ್ ಸ್ಟೋನ್ ಸ್ಟೋನ್ ಅನ್ನುವ ಎಂಜಿನಿಯರ್. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿಯ ಹೆಸರೂ ಸ್ಟೋನ್, ಹಾರ್ಲನ್ ಸ್ಟೋನ್. ಓದುವಾಗ ಗೊಂದಲ ಮಾಡಿಕೊಳ್ಳಬೇಡಿ. ಎಂಜಿನಿಯರ್ ಸ್ಟೋನ್ ಅರ್ಜಿ ಹಾಕಿದ್ದು 1900ರ ಫೆಬ್ರುವರಿ 8ರಂದು, ಮಾರ್ಕೋನಿಯ ಅಮೆರಿಕ ಅರ್ಜಿಗಿಂತ ಒಂಬತ್ತು ತಿಂಗಳು ಮೊದಲು. ಅದರಲ್ಲೂ ನಾಲ್ಕು ಸರ್ಕ್ಯೂಟು ಇದ್ದವು. ಆಂಟೆನಾವನ್ನೂ ಟ್ಯೂನ್ ಮಾಡಬೇಕು ಅನ್ನುವುದನ್ನು ಅವರು ಬಿಡಿಸಿ ಬರೆದದ್ದು ಆಮೇಲಿನ ತಿದ್ದುಪಡಿಯಲ್ಲಿ. ಆದರೆ ಮೂಲ ಅರ್ಜಿಯಲ್ಲಿ ಮತ್ತು 1899ರಲ್ಲಿ ಗೆಳೆಯರೊಬ್ಬರಿಗೆ ಬರೆದ ಪತ್ರಗಳಲ್ಲಿ ಅದರ ತಿರುಳು ಆಗಲೇ ಇತ್ತು ಅಂತ ಕೋರ್ಟು ಒಪ್ಪಿಕೊಂಡಿತು.

ಹೀಗೆ ಎಲ್ಲ ಸಾಲುಗಳ ಎದುರೂ ಟಿಕ್ ಬಿತ್ತು. ಸ್ಟೋನ್ ಅವರದಕ್ಕಿಂತ ಮಾರ್ಕೋನಿಯದರಲ್ಲಿ ಉಳಿದ ವ್ಯತ್ಯಾಸ ಆಂಟೆನಾದಲ್ಲಿ ಬದಲಿಸಬಹುದಾದ ಕಾಯಿಲು, ಅದನ್ನು ಲಾಡ್ಜ್ ಅದೇ ಕೆಲಸಕ್ಕೆ ಮೊದಲೇ ತೋರಿಸಿದ್ದರು. ಟ್ಯೂನ್ ಮಾಡಬೇಕು ಅಂತ ಗೊತ್ತಿದ್ದವರು ಟ್ಯೂನ್ ಮಾಡುವ ಗೊತ್ತಿದ್ದ ಸಾಧನವನ್ನು ಅಲ್ಲಿಗೆ ತಂದು ಕೂರಿಸುವುದರಲ್ಲಿ ಆವಿಷ್ಕಾರ ಇಲ್ಲ ಅನ್ನುವುದು ಬಹುಮತದ ನಿಲುವು.

ಎಲ್ಲ ಸಾಲಿಗೂ ಟಿಕ್ ಬಿದ್ದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಟಿಕ್ಕುಗಳು ಬೇರೆ ಬೇರೆ ಕಾಗದದಿಂದ ಬಂದಿದ್ದರೆ, ಆ ಕಾಗದಗಳನ್ನು ಒಟ್ಟಿಗೆ ತರಲು ಆ ಮನುಷ್ಯನಿಗೆ ಕಾರಣ ಏನಿತ್ತು ಅಂತ ಕೇಳಲೇಬೇಕು. ಎಲ್ಲ ವೈರ್‌ಲೆಸ್ ಸಾಧನವೂ ಕೊನೆಗೆ ಕಾಯಿಲು, ಕೆಪಾಸಿಟರು, ಟ್ರಾನ್ಸಿಸ್ಟರು ತಾನೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಹಳತೇ.

ಸೇರಿಸಲು ಆಗುತ್ತಿತ್ತಾ, ಸೇರಿಸುತ್ತಿದ್ದರಾ?

ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ಮುಕ್ಕಾಲು ಪಾಲು ಕೇಸು ತೀರ್ಮಾನವಾಗುತ್ತದೆ. ಮೊದಲನೆಯದು ಕೈಲಾಗುತ್ತಿತ್ತಾ ಅಂತ, ಎರಡನೆಯದು ಮನಸ್ಸು ಅತ್ತ ಹೋಗುತ್ತಿತ್ತಾ ಅಂತ. ಕಾನೂನಿಗೆ ಬೇಕಾದದ್ದು ಎರಡನೆಯದು.

ಒಂದು ಉದಾಹರಣೆ. ಫೋನನ್ನು ಕೈಯಲ್ಲಿ ಹಿಡಿದಾಗ ಸಿಗ್ನಲ್ ಬೀಳುತ್ತದೆ, 2010ರಲ್ಲಿ ಐಫೋನ್ 4 ಬಂದಾಗ ಇದು ಜಗತ್ತಿಗೆಲ್ಲ ಸುದ್ದಿಯಾಯಿತು. ಈಗ ಯಾರೋ ಒಬ್ಬರು ಮೇಲೊಂದು ಕೆಳಗೊಂದು ಆಂಟೆನಾ ಇಟ್ಟು, ಸಿಗ್ನಲ್ ಕಡಿಮೆಯಾದಾಗ ಇನ್ನೊಂದಕ್ಕೆ ಬದಲಾಗುವ ಫೋನ್ ಅಂತ ಕ್ಲೇಮ್ ಬರೆದರೆ? ಎರಡು ಆಂಟೆನಾದಲ್ಲಿ ಚೆನ್ನಾಗಿ ಕೇಳುವುದನ್ನು ಆರಿಸಿಕೊಳ್ಳುವುದು ರೇಡಿಯೊದವರಿಗೆ ಬಹಳ ಹಳೆಯ ಪಾಠ. ಸಮಸ್ಯೆ ಎಲ್ಲರಿಗೂ ಗೊತ್ತು, ಪರಿಹಾರ ಪಠ್ಯಪುಸ್ತಕದಲ್ಲಿದೆ, ಸೇರಿಸಿದರೆ ಏನಾಗುತ್ತದೆ ಅಂತ ಮೊದಲೇ ಹೇಳಬಹುದು. ಇದು ನಿಲ್ಲುವುದಿಲ್ಲ. ಇನ್ನು ಗೊತ್ತಿರುವ ಎರಡು ಸಾಧನಗಳನ್ನು ಒಂದೇ ಡಬ್ಬಿಯಲ್ಲಿ ಇಟ್ಟು, ಅವು ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದರೆ ನಮ್ಮ ಕಲಂ 3(ಎಫ್) ಅದನ್ನು ಆವಿಷ್ಕಾರ ಅಂತಲೇ ಕರೆಯುವುದಿಲ್ಲ. ವಾಕಿಟಾಕಿಗೆ ಟಾರ್ಚ್ ಅಂಟಿಸಿದ ಹಾಗೆ. 1978ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬಿಶ್ವನಾಥ ಪ್ರಸಾದ್ ಕೇಸಿನಲ್ಲಿ ಪಾತ್ರೆ ಕಡೆಯುವ ಲೇತಿನ ಸುಧಾರಣೆಯೊಂದನ್ನು ಹೀಗೆಯೇ ಕಾರ್ಖಾನೆಯ ಮಾಮೂಲಿ ಕೈಚಳಕ ಅಂತ ಕೈಬಿಟ್ಟಿತು. ತುಂಡುಗಳು ಹಳತಾದರೂ ಒಂದಕ್ಕೊಂದು ಸೇರಿ ಹೊಸ ಫಲ ಕೊಡಬೇಕು ಅನ್ನುವ ಅದರ ಮಾತು ಇವತ್ತಿಗೂ ನಡೆಯುತ್ತದೆ.

ಇದಕ್ಕೆ ಎದುರಾದ ಉದಾಹರಣೆ ಫೋನಿನ ಆಂಟೆನಾದಲ್ಲೇ ಇದೆ, ನನಗೆ ತುಂಬಾ ಇಷ್ಟವಾದದ್ದು. ಹತ್ತಿರ ಹತ್ತಿರ ಎರಡು ಆಂಟೆನಾ ಇದ್ದರೆ ಒಂದರ ಶಕ್ತಿ ಇನ್ನೊಂದಕ್ಕೆ ಸೋರುತ್ತದೆ. ಯಾರನ್ನು ಕೇಳಿದರೂ ದೂರ ಇಡಿ, ನಡುವೆ ಏನಾದರೂ ಅಡ್ಡ ಹಾಕಿ ಅಂತಾರೆ. 2006ರ ಸುಮಾರಿಗೆ ಫ್ರಾನ್ಸ್‌ನ ಸಂಶೋಧಕರು ತದ್ವಿರುದ್ಧ ಮಾಡಿ ತೋರಿಸಿದರು. ಎರಡು ಆಂಟೆನಾಗಳನ್ನು ಒಂದು ತೆಳ್ಳನೆಯ ಲೋಹದ ಗೆರೆಯಿಂದ ಜೋಡಿಸಿಬಿಟ್ಟರು. ಆ ಗೆರೆ ಒಂದರಿಂದ ಸ್ವಲ್ಪ ಕರೆಂಟ್ ತೆಗೆದುಕೊಂಡು ಹೋಗಿ ಸೋರಿಕೆಗೆ ಎದುರಾಗಿ ಬಿಡುತ್ತದೆ, ಎರಡೂ ಒಂದನ್ನೊಂದು ಅಳಿಸುತ್ತವೆ. ನ್ಯೂಟ್ರಲೈಸೇಶನ್ ಲೈನ್ ಅಂತ ಹೆಸರು. ಬೇರೆ ಮಾಡಬೇಕಾದದ್ದನ್ನು ಜೋಡಿಸಲು ಪಳಗಿದವನ ಮನಸ್ಸು ತಾನಾಗಿ ಹೋಗುತ್ತಿತ್ತಾ? ಆ ಹೊತ್ತಿಗೆ ಹೋಗುತ್ತಿರಲಿಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ಆ ಪೇಪರ್ ಹೊರಬಂದ ಮೇಲೆ ಅದೇ ಗೆರೆಯನ್ನು ಇನ್ನೊಂದು ಫೋನಿಗೆ ಎಳೆಯುವುದು ಎಲ್ಲರ ಕೈಗೂ ಎಟುಕುವ ಕೆಲಸವಾಯಿತು. ತಾರೀಖು ಗಟ್ಟಿ ಮಾಡಿಕೊಳ್ಳಿ ಅಂತ ಮೇಲೆ ಹೇಳಿದ್ದು ಇದಕ್ಕೇ.

ಹಳೆಯ ಕಾಗದಗಳು ಬೇಡ ಅನ್ನುವ ಕಡೆಗೆ ಹೋಗಿ ಗೆದ್ದರೆ ಅದಕ್ಕೆ ತುಂಬಾ ಬೆಲೆ ಇದೆ. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಡಮ್ಸ್ ಅನ್ನುವವರ ಬ್ಯಾಟರಿ ಪೇಟೆಂಟನ್ನು ಎತ್ತಿಹಿಡಿಯಿತು. ಮೆಗ್ನೀಸಿಯಂ, ಕ್ಯುಪ್ರಸ್ ಕ್ಲೋರೈಡ್ ಎರಡೂ ಹಳೆಯವು, ನೀರು ಹಾಕಿದರೆ ಬ್ಯಾಟರಿ ಓಡುತ್ತದೆ. ಸೇನೆಯ ಸಂಪರ್ಕ ವಿಭಾಗದ ಪರಿಣತರೇ ಮೊದಲು ಇದು ಆಗದ ಕೆಲಸ ಅಂದಿದ್ದರು, ಆಮೇಲೆ ಸರ್ಕಾರವೇ ಅದನ್ನು ಬಳಸಿತು. ಪರಿಣತರೇ ನಂಬದಿದ್ದ ಮೇಲೆ ಸಾಧಾರಣ ಮನುಷ್ಯನಿಗೆ ಹೊಳೆಯುತ್ತಿತ್ತು ಅನ್ನುವುದು ಹೇಗೆ? ದೂರದ ಕ್ಷೇತ್ರದಿಂದ ತಂದದ್ದಕ್ಕೂ ಹೀಗೆಯೇ ತೂಕ ಇದೆ. ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೀಲ್ 1942ರಲ್ಲಿ ಪಡೆದ ಪೇಟೆಂಟಿನಲ್ಲಿ ಟಾರ್ಪಿಡೊಗೆ ರೇಡಿಯೊ ಆಜ್ಞೆ ಕಳಿಸಲು 88 ತರಂಗಗಳ ನಡುವೆ ಜಿಗಿಯುತ್ತಾ ಹೋಗುವ ಉಪಾಯ ಇದೆ. ಎರಡೂ ಕಡೆ ತಾಳ ತಪ್ಪದಂತೆ ಹಿಡಿಯಲು ತಾನೇ ನುಡಿಯುವ ಪಿಯಾನೊದ ತೂತಿನ ಸುರುಳಿ. ರೇಡಿಯೊ ಎಂಜಿನಿಯರ್ ಪಿಯಾನೊ ಅಂಗಡಿಗೆ ಯಾಕೆ ಹೋಗುತ್ತಾನೆ ಅನ್ನುವ ಪ್ರಶ್ನೆಗೆ ಎದುರಿನವರು ಉತ್ತರ ಕೊಡಬೇಕಾಗುತ್ತದೆ.

ಉತ್ತರ ಗೊತ್ತಾದ ಮೇಲಿನ ಜಾಣತನ

ಮಾರ್ಕೋನಿ ತೀರ್ಪಿಗೆ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಮತ್ತು ರಟ್ಲೆಜ್ ಒಪ್ಪಲಿಲ್ಲ. ದೊಡ್ಡ ದೊಡ್ಡ ತಲೆಗಳಿಗೇ ಆ ಕಾಲದಲ್ಲಿ ಕಾಣದಿದ್ದದ್ದನ್ನು, ಯಾರೋ ತೋರಿಸಿಕೊಟ್ಟ ಮೇಲೆ ಕೂತು ಸುಲಭ ಅನ್ನುವುದು ಬುದ್ಧಿವಂತರಿಗೆ ಬಹಳ ಆಸೆ ಹುಟ್ಟಿಸುವ ಆಟ ಅನ್ನುವ ಅರ್ಥದ ಮಾತು ಫ್ರಾಂಕ್‌ಫರ್ಟರ್ ಬರೆದಿದ್ದಾರೆ. ಫಲಿತಾಂಶದಲ್ಲಿ ನಾನು ಬಹುಮತದ ಕಡೆಗೇ ವಾಲುತ್ತೇನೆ, ಸ್ಟೋನ್ ಅವರ ಕಾಗದ ಅಷ್ಟು ಹತ್ತಿರದ್ದು. ಆದರೆ ಆ ಎಚ್ಚರಿಕೆ ಮಾತ್ರ ನೂರಕ್ಕೆ ನೂರು ಸರಿ.

ಇದರಿಂದ ತಪ್ಪಿಸಿಕೊಳ್ಳಲು ನಾನು ಮಾಡುವುದು ಸರಳ. ಪಕ್ಕದ ತಂಡದಲ್ಲಿ ನಿಮ್ಮ ಐಡಿಯಾ ನೋಡಿರದ, ಆದರೆ ಅದೇ ಕೆಲಸ ಬಲ್ಲ ಒಬ್ಬರನ್ನು ಹುಡುಕಿ, ಗುಟ್ಟು ಕಾಯುವ ಒಪ್ಪಂದ ಇರುವವರನ್ನೇ. ಸಮಸ್ಯೆ ಮಾತ್ರ ಕೊಡಿ. ‘ಎರಡು ಆಂಟೆನಾ ನಡುವೆ ಎಂಟು ಮಿಲಿಮೀಟರ್ ಇದೆ, ಸೋರಿಕೆ ಜಾಸ್ತಿ, ಏನು ಮಾಡ್ತೀರಿ?’ ಅಷ್ಟೇ. ಸಮಸ್ಯೆಯ ಮಾತಿನಲ್ಲೇ ಉತ್ತರ ನುಸುಳದಂತೆ ನೋಡಿಕೊಳ್ಳಿ, ‘ಗೆರೆಯಿಂದ ಜೋಡಿಸಿದರೆ ಹೇಗೆ’ ಅಂತ ಕೇಳಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಡಿ1, ಡಿ2 ಎರಡನ್ನೂ ಓದಲು ಕೊಟ್ಟು ಒಂದು ದಿನ ಬಿಡಿ. ಅವರು ಬರೆದುಕೊಂಡು ಬಂದ ಮೊದಲ ಮೂರು ದಾರಿಗಳಲ್ಲಿ ನಿಮ್ಮದೂ ಇದ್ದರೆ ಕ್ಲೇಮ್ ಬಗ್ಗೆ ಮತ್ತೆ ಯೋಚಿಸಿ. ಇದು ಕೋರ್ಟಿನ ಪುರಾವೆ ಅಲ್ಲ, ನಿಮ್ಮ ಕಣ್ಣು ತೆರೆಸುವುದಕ್ಕೆ.

ಸುತ್ತಲಿನ ಸಾಕ್ಷಿ

ಬಹುಕಾಲ ಬಗೆಹರಿಯದ ಸಮಸ್ಯೆ, ಬೇರೆಯವರು ಕೈಹಾಕಿ ಸೋತದ್ದು, ಮಾರುಕಟ್ಟೆಯಲ್ಲಿ ಗೆದ್ದದ್ದು, ಇವನ್ನೂ ನೋಡಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟಿನ 1966ರ ಗ್ರಹಾಮ್ ತೀರ್ಪು ಹೇಳಿದೆ. ಇವು ಕೈಹಿಡಿಯುತ್ತವೆ, ಆದರೆ ಒಂಟಿಯಾಗಿ ಭಾರ ಹೊರುವುದಿಲ್ಲ. ಮಾರ್ಕೋನಿಗಿಂತ ದೊಡ್ಡ ಗೆಲುವು ವೈರ್‌ಲೆಸ್‌ನಲ್ಲಿ ಯಾರಿಗೆ ಇತ್ತು? ಆ ಗೆಲುವು ಈ ಕ್ಲೇಮುಗಳನ್ನು ಉಳಿಸಲಿಲ್ಲ. ನಮ್ಮ ಕಾಯ್ದೆಯಲ್ಲಿ ‘ಆರ್ಥಿಕ ಮಹತ್ವ’ ಅನ್ನುವ ಮಾತು ನೋಡಿ ಖುಷಿಪಟ್ಟು, ಎಷ್ಟು ಲಕ್ಷ ಪೀಸ್ ಮಾರಿದೆವು ಅಂತ ಪುಟಗಟ್ಟಲೆ ಬರೆಯುವವರಿದ್ದಾರೆ. ಆ ವಾಕ್ಯದ ಕೊನೆಯ ಷರತ್ತು ಆಗಲೂ ಬಿಡುವುದಿಲ್ಲ, ಹೊಳೆಯುವಂತಿರಬಾರದು. ಮಾರಾಟ ನಿಮ್ಮ ಕ್ಲೇಮಿನ ಆ ಒಂದು ಸಾಲಿನಿಂದಲೇ ಆಯಿತು ಅಂತ ತೋರಿಸಿದರೆ ಮಾತ್ರ ಅದಕ್ಕೆ ಬೆಲೆ.

ಇನ್ನೊಂದು ಮಾತು. ‘1943ರಲ್ಲಿ ಸುಪ್ರೀಂ ಕೋರ್ಟ್ ರೇಡಿಯೊ ಕಂಡುಹಿಡಿದದ್ದು ಟೆಸ್ಲಾ ಅಂತ ತೀರ್ಪು ಕೊಟ್ಟಿತು’ ಅಂತ ಎಲ್ಲೆಡೆ ಓದುತ್ತೀರಿ. ಹಾಗೆ ಹೇಳಿಲ್ಲ. ವೈರ್‌ಲೆಸ್ ಸಂದೇಶವನ್ನು ಮೊದಲು ಯಶಸ್ವಿಯಾಗಿ ಕಳಿಸಿದವರು ಅನ್ನುವ ಮಾರ್ಕೋನಿಯ ಹೆಸರು ಅವರ ಮೊದಲ ಪೇಟೆಂಟಿನ ಮೇಲೆ ನಿಂತಿದೆ, ಅದು ಇಲ್ಲಿ ಪ್ರಶ್ನೆಯಲ್ಲ ಅಂತ ಕೋರ್ಟೇ ಬರೆದಿದೆ. ಬಿದ್ದದ್ದು ಟ್ಯೂನಿಂಗಿನ ಕ್ಲೇಮು. ನಿಮ್ಮ ಕ್ಲೇಮ್ ಆಬ್ವಿಯಸ್ ಅಂದರೂ ಅಷ್ಟೇ ಅರ್ಥ. ಆ ಸಾಲುಗಳು ಅಷ್ಟು ಅಗಲಕ್ಕೆ ನಿಲ್ಲುವುದಿಲ್ಲ ಅಂತ, ನಿಮ್ಮ ಕೆಲಸಕ್ಕೆ ಬೆಲೆ ಇಲ್ಲ ಅಂತ ಅಲ್ಲ.

ಹಾಗಾಗಿ ಉತ್ತರ ‘ಹೌದು, ಹೊಳೆಯುತ್ತಿತ್ತು’ ಅಂತ ಬಂದರೆ ಕ್ಲೇಮನ್ನು ಕಿರಿದು ಮಾಡಿ. ಎರಡು ಆಂಟೆನಾ ಅನ್ನುವುದು ನಿಲ್ಲದಿರಬಹುದು. ಆದರೆ ಗೆರೆ ಎಲ್ಲಿ ಸೇರುತ್ತದೆ, ಎಷ್ಟು ಉದ್ದ, ಆ ಜಾಗದಲ್ಲೇ ಸೇರಿಸಿದರೆ ಯಾಕೆ ಎರಡೂ ಬ್ಯಾಂಡಿನಲ್ಲಿ ಸೋರಿಕೆ ಇಳಿಯುತ್ತದೆ ಅನ್ನುವುದು ನಿಲ್ಲಬಹುದು. ಆ ವಿವರ ಮೊದಲ ದಿನವೇ ಅರ್ಜಿಯಲ್ಲಿ ಇರಬೇಕು, ಇಲ್ಲದಿದ್ದರೆ ಕಿರಿದು ಮಾಡಲು ಜಾಗವೇ ಇರುವುದಿಲ್ಲ. ಸ್ಟೋನ್ ಅವರ ನೆರವಿಗೆ ಗೆಳೆಯರಿಗೆ ಬರೆದ ಪತ್ರ ಬಂತು. ನಮ್ಮಲ್ಲಿ ಯಾರು ಮೊದಲು ಅರ್ಜಿ ಹಾಕುತ್ತಾರೋ ಅವರ ತಾರೀಖೇ ಲೆಕ್ಕ, ಪತ್ರ ನಡೆಯುವುದಿಲ್ಲ. ಹಾಗಾಗಿ ಪ್ರೊವಿಶನಲ್ ಅರ್ಜಿ ಬೇಗ ಹಾಕಿ, ಕರ್ನಾಟಕದವರಿಗೆ ಅದು ಚೆನ್ನೈ ಕಚೇರಿಗೆ ಹೋಗುತ್ತದೆ, ಪೂರ್ತಿ ಮಾಡಲು ಹನ್ನೆರಡು ತಿಂಗಳು ಸಿಗುತ್ತದೆ. ಅದರಲ್ಲಿ ಮ್ಯಾಚಿಂಗಿನ ಅಳತೆಗಳು, ಕೈಕೊಟ್ಟ ಪ್ರಯೋಗಗಳು, ಯಾವ ಜಾಗದಲ್ಲಿ ಇಟ್ಟಾಗ ಕೆಲಸ ಮಾಡಲಿಲ್ಲ ಅನ್ನುವುದು, ಎಲ್ಲವನ್ನೂ ಬರೆಯಿರಿ. ಪೂರ್ಣ ಅರ್ಜಿ ಹಾಕಿದ ಮೇಲೆ ಹೊಸ ವಿಷಯ ಸೇರಿಸಲು ಕಲಂ 59 ಬಿಡುವುದಿಲ್ಲ.